ಕೌನ್ಸಿಲ್ಲಿನದೇ ಕಂಪನಿ ನಡೆಸುವ ಲೆಷರ್ ಸೆಂಟರ್: ಹಲವು ವರ್ಷ ಬಳಸಿದವರ ವಿಮರ್ಶೆ

ಅಂಕ: ಐದಕ್ಕೆ ಮೂರೂವರೆ. ಸಿಬ್ಬಂದಿ, ಮಕ್ಕಳ ಈಜು ತರಗತಿ, ರಿಯಾಯಿತಿ ದರ, ಇವಕ್ಕೆ ಧಾರಾಳವಾಗಿ ಅಂಕ ಕೊಡಬಹುದು. ಕಳೆದುಹೋದ ಒಂದೂವರೆ ಅಂಕ ಪೂರ್ತಿ ದುರಸ್ತಿಯ ಲೆಕ್ಕಕ್ಕೆ.

ಇಂಗ್ಲೆಂಡಿಗೆ ಹೊಸದಾಗಿ ಬಂದು ಮಕ್ಕಳನ್ನು ಈಜಿಗೆ ಸೇರಿಸುವವರು, ವಾರಕ್ಕೊಮ್ಮೆ ಬ್ಯಾಡ್ಮಿಂಟನ್ ಆಡುವ ಗುಂಪಿನವರು, ಯುಗಾದಿಗೋ ರಾಜ್ಯೋತ್ಸವಕ್ಕೋ ಹಾಲ್ ಹುಡುಕುವ ಕನ್ನಡ ಸಂಘದವರು ಒಂದಲ್ಲ ಒಂದು ದಿನ ಕೌನ್ಸಿಲ್‌ನ (ಊರಿನ ಸ್ಥಳೀಯ ಆಡಳಿತದ) ಲೆಷರ್ ಸೆಂಟರ್, ಅಂದರೆ ಈಜುಕೊಳ, ಜಿಮ್, ಆಟದ ಹಾಲ್ ಇರುವ ಕೇಂದ್ರದ ಮೆಟ್ಟಿಲು ಹತ್ತುತ್ತಾರೆ. ಬಾಗಿಲ ಮೇಲೆ ಕೌನ್ಸಿಲ್‌ನ ಲಾಂಛನ ಇರುತ್ತದೆ. ಆದರೆ ತಿಂಗಳ ಡೈರೆಕ್ಟ್ ಡೆಬಿಟ್ ಹೋಗುವುದು ಯಾವುದೋ ಲಿಮಿಟೆಡ್ ಕಂಪನಿಯ ಹೆಸರಿಗೆ. ಖಾಸಗಿಯವರಿಗೆ ಮಾರಿಬಿಟ್ಟರೇನೋ ಎಂದು ಗಾಬರಿಯಾಗಬೇಕಿಲ್ಲ. ಆ ಕಂಪನಿಯ ನೂರಕ್ಕೆ ನೂರು ಷೇರು ಕೌನ್ಸಿಲ್‌ನದೇ. ಹಲ್ ನಗರದಲ್ಲಿ 2015ರಿಂದ ಇಂಥ ಕಂಪನಿ ಇದೆ. ಸೌತ್ ರಿಬಲ್‌ನಲ್ಲಿ 2021ರಲ್ಲಿ, ಪ್ಲಿಮತ್‌ನಲ್ಲಿ 2022ರಲ್ಲಿ ಶುರುವಾದವು. ವೇಲ್ಸ್‌ನ ಡೆನ್‌ಬಿಶರ್ ಕೌಂಟಿಯ ಕಂಪನಿ ಹುಟ್ಟಿದ್ದು 2020ರ ಏಪ್ರಿಲ್‌ನಲ್ಲಿ, ಅಂದರೆ ಕೋವಿಡ್‌ಗಾಗಿ ದೇಶದ ಈಜುಕೊಳಗಳೆಲ್ಲ ಬಾಗಿಲು ಹಾಕಿಕೊಂಡ ಮರುತಿಂಗಳು. ಇಲ್ಲಿ ಬರೆದಿರುವ ದೂರುಗಳು ಇವ್ಯಾವುದರ ಮೇಲೂ ಅಲ್ಲ. ನಾವು ಬಳಸುವ ಸೆಂಟರ್ ಬೇರೆ. ಅದರ ಹೆಸರು ಇಲ್ಲಿ ಬೇಕಿಲ್ಲ.

ವ್ಯವಸ್ಥೆ ಹೀಗಿದೆ. ಕಟ್ಟಡ ಕೌನ್ಸಿಲ್‌ನದು. ಅದನ್ನು ತನ್ನ ಕಂಪನಿಗೆ ಲೀಸ್ ಕೊಡುತ್ತದೆ, ಬಹಳ ಕಡೆ ಹೆಸರಿಗೊಂದು ಪುಡಿಗಾಸಿನ ಬಾಡಿಗೆಗೆ. ಜೊತೆಗೆ ಸೇವಾ ಕರಾರು ಅಂತ ಎರಡನೇ ಕಾಗದವೊಂದು ಇರುತ್ತದೆ. ತೆರೆಯುವ ವೇಳೆ, ಮಕ್ಕಳಿಗೆ ಹಿರಿಯರಿಗೆ ದರ, ಶಾಲೆಗಳಿಗೆ ಮೀಸಲು ಸಮಯ, ನಷ್ಟವಾದರೆ ಕೌನ್ಸಿಲ್ ಕೊಡಬೇಕಾದ ಹಣ ಎಲ್ಲ ಅದರಲ್ಲಿ ಬರುತ್ತದೆ. ಪತ್ರಿಕೆಗಳಲ್ಲಿ, ಕೌನ್ಸಿಲ್ ಸಭೆಗಳಲ್ಲಿ ಚರ್ಚೆಯಾಗುವುದು ಹೆಚ್ಚಾಗಿ ಈ ಎರಡನೆಯದೇ. ದಿನವೂ ಬಳಸುವವರಿಗೆ ತಟ್ಟುವುದು ಮೊದಲನೆಯದು, ಅದರಲ್ಲೂ ಲೀಸ್‌ನ ಕೊನೆಯಲ್ಲಿ ಲಗತ್ತಿಸಿರುವ ದುರಸ್ತಿ ಪಟ್ಟಿ. ಯಾವ ಭಾಗ ಕೆಟ್ಟರೆ ಮಾಲೀಕ ಸರಿಮಾಡಿಸಬೇಕು, ಯಾವುದು ಬಾಡಿಗೆದಾರನ ಪಾಲು ಎಂದು ಸಾಲುಸಾಲಾಗಿ ಬರೆದ ಕೋಷ್ಟಕ ಅದು. ಸೆಂಟರ್ ಚೆನ್ನಾಗಿದೆಯೋ ಇಲ್ಲವೋ ಎನ್ನುವುದು ಮ್ಯಾನೇಜರ್‌ಗಿಂತ ಹೆಚ್ಚಾಗಿ ಈ ಕೋಷ್ಟಕದ ಕೈಯಲ್ಲಿದೆ.

ಸಾಮಾನ್ಯವಾಗಿ ಸೂರು, ಹೊರಗೋಡೆ, ಅಡಿಪಾಯ, ಕೊಳದ ಕಾಂಕ್ರೀಟ್ ತೊಟ್ಟಿ ಕೌನ್ಸಿಲ್‌ನ ಪಾಲು. ಒಳಗಿನ ಬಣ್ಣ, ಬಾಗಿಲು, ಲಾಕರ್, ಜಿಮ್ ಯಂತ್ರ, ದಿನನಿತ್ಯದ ಸರ್ವಿಸ್ ಕಂಪನಿಯ ಪಾಲು. ಜಗಳ ಏಳುವುದು ನಡುವಿನ ವಸ್ತುಗಳಲ್ಲಿ: ಬಾಯ್ಲರ್, ಫಿಲ್ಟರ್, ನೀರೆತ್ತುವ ಪಂಪು, ಮೇಲೆ ಕೆಳಗೆ ಮಾಡುವ ಕೊಳದ ತಳ, ಎಲ್ಲಕ್ಕಿಂತ ಮುಖ್ಯವಾಗಿ ಗಾಳಿ ಹಾಯಿಸುವ ಯಂತ್ರ.

ಗಾಳಿ ಯಂತ್ರದ್ದನ್ನೇ ನೋಡಿ. ಕೊಳದ ಹಾಲ್‌ನಲ್ಲಿ ಗಾಳಿ ನೀರಿಗಿಂತ ಸುಮಾರು ಒಂದು ಡಿಗ್ರಿ ಬಿಸಿಯಾಗಿರಬೇಕು, ತೇವಾಂಶ ಶೇ. 60ರ ಆಸುಪಾಸಿನಲ್ಲಿ ನಿಲ್ಲಬೇಕು. ಫ್ಯಾನ್ ಅರ್ಧ ವೇಗಕ್ಕೆ ಇಳಿದರೆ ಮೊದಲು ಕಿಟಕಿ ಗಾಜಿನ ಒಳಮೈಯಲ್ಲಿ ನೀರು ಇಳಿಯುತ್ತದೆ. ಆಮೇಲೆ ಬಾಗಿಲು ತೆರೆದ ಕೂಡಲೇ ಮೂಗಿಗೆ ಅಡರುವ ವಾಸನೆ. ‘ಕ್ಲೋರಿನ್ ಜಾಸ್ತಿ ಹಾಕಿದ್ದಾರೆ’ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಅದು ನಿಜವಲ್ಲ. ಬೆವರು, ಮೂತ್ರ, ಮೈಗೆ ಹಚ್ಚಿದ ಕ್ರೀಮುಗಳ ಜೊತೆ ಕ್ಲೋರಿನ್ ಸೇರಿ ಹುಟ್ಟುವ ಕ್ಲೋರಮೀನ್‌ಗಳ ವಾಸನೆ ಅದು. ಹೊಸ ನೀರು, ಹೊಸ ಗಾಳಿ ಎರಡೂ ಕಡಿಮೆಯಾದಾಗ ಅವು ನೀರಿನ ಮೇಲ್ಮೈಯಲ್ಲೇ ಸುಳಿದಾಡುತ್ತವೆ. ಅಸ್ತಮಾ ಇರುವ ಮಕ್ಕಳು ಕೆಮ್ಮಲು ಶುರು ಮಾಡುತ್ತಾರೆ. ಕೆಲವೇ ತಿಂಗಳಲ್ಲಿ ಬಾಗಿಲ ಕೀಲು, ಲಾಕರ್ ಬೀಗ, ಏಣಿಯ ಬೋಲ್ಟುಗಳಿಗೆ ಕಂದು ತುಕ್ಕು. ಇಷ್ಟೆಲ್ಲ ಕಣ್ಣೆದುರಿಗೆ ಇದ್ದರೂ ಕೆಲಸ ಯಾಕೆ ಆಗುವುದಿಲ್ಲವೆಂದರೆ, ಕೋಷ್ಟಕದಲ್ಲಿ ಯಂತ್ರದ ‘ನಿರ್ವಹಣೆ’ ಕಂಪನಿಗೆ, ‘ಬದಲಾವಣೆ’ ಕೌನ್ಸಿಲ್‌ಗೆ ಎಂದಿರುತ್ತದೆ. ಮೋಟಾರ್ ಸುಟ್ಟರೆ ಅದು ಯಾವುದು? ಸರಿಯಾಗಿ ಸರ್ವಿಸ್ ಮಾಡಿಸದೆ ಕೆಡಿಸಿದಿರಿ ಎಂದು ಕೌನ್ಸಿಲ್, ಆಯಸ್ಸು ಮುಗಿದ ಯಂತ್ರವನ್ನೇ ಕೊಟ್ಟಿರಿ ಎಂದು ಕಂಪನಿ. ಮಗುವಿನ ಜೇಬಿನ ಹಣ ಅಪ್ಪನ ಜೇಬಿನದೇ ಆದರೂ ಬಿಲ್ ಯಾರ ಹೆಸರಿಗೆ ಎಂಬ ವಾದದಲ್ಲಿ ಚಳಿಗಾಲ ಮುಗಿದುಹೋಗುತ್ತದೆ.

ಇದಕ್ಕೆ ಮದ್ದು ಇದೆ. ಹಸ್ತಾಂತರದ ದಿನ ಪ್ರತಿ ಯಂತ್ರದ ವಯಸ್ಸು, ಸ್ಥಿತಿ, ಉಳಿದ ಆಯಸ್ಸು ಬರೆದ ಸಮೀಕ್ಷಾ ವರದಿಯನ್ನು ಲೀಸ್‌ಗೆ ಲಗತ್ತಿಸುವುದು. ಇಂತಿಷ್ಟು ಪೌಂಡ್‌ಗಿಂತ ಕಡಿಮೆಯ ದುರಸ್ತಿ ಕಂಪನಿಗೆ, ಮೇಲಿನದು ಕೌನ್ಸಿಲ್‌ಗೆ ಎಂದು ಗಡಿ ಹಾಕುವುದು. ವರ್ಷವರ್ಷವೂ ಒಂದು ನಿಧಿಗೆ ಹಣ ಹಾಕುವುದು. ಈ ಮೂರೂ ಇರುವ ಲೀಸ್ ಒಳ್ಳೆಯದು. ಒಂದೂ ಇಲ್ಲದೆ ‘ಪೂರ್ತಿ ದುರಸ್ತಿ ಬಾಡಿಗೆದಾರನದು’ ಎಂದಷ್ಟೇ ಬರೆದಿದ್ದರೆ, 1970ರ ದಶಕದ ಕಟ್ಟಡವೊಂದನ್ನು ಕೈಯಲ್ಲಿ ಕಾಸಿಲ್ಲದ ಕಂಪನಿಯ ತಲೆಗೆ ಕಟ್ಟಿದ್ದಾರೆ ಎಂದರ್ಥ. ಅಂಥ ಕಡೆ ವರ್ಷದ ಶುಲ್ಕವನ್ನು ಒಟ್ಟಿಗೆ ಕಟ್ಟಬೇಡಿ.

ಲೀಸ್ ನೋಡುವುದು ಕಷ್ಟವೇನಲ್ಲ. ಏಳು ವರ್ಷಕ್ಕಿಂತ ಹೆಚ್ಚಿನ ಅವಧಿಯ ಲೀಸ್ ಭೂ ನೋಂದಣಿ ಕಚೇರಿಯಲ್ಲಿ ದಾಖಲಾಗಲೇಬೇಕು, ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ಪ್ರತಿ ಕೇಳಬಹುದು. ಏಳು ವರ್ಷಕ್ಕೆ ಇನ್ನೊಂದು ಮಹತ್ವವೂ ಇದೆ. ಅದಕ್ಕಿಂತ ದೀರ್ಘ ಅವಧಿಗೆ ಕೊಡುವಾಗ 1972ರ ಲೋಕಲ್ ಗವರ್ನ್‌ಮೆಂಟ್ ಕಾಯ್ದೆಯ 123ನೇ ಸೆಕ್ಷನ್ ಪ್ರಕಾರ ಕೌನ್ಸಿಲ್ ಸಿಗಬಹುದಾದ ಅತ್ಯುತ್ತಮ ಬೆಲೆ ಪಡೆಯಬೇಕು. ಹಾಗಾದರೆ ಪುಡಿಗಾಸಿನ ಬಾಡಿಗೆಗೆ ಹೇಗೆ ಕೊಡುತ್ತಾರೆ? 2003ರಲ್ಲಿ ಸರ್ಕಾರ ಕೊಟ್ಟ ಸಾಮಾನ್ಯ ಒಪ್ಪಿಗೆಯಡಿ, ಊರಿನ ಆರ್ಥಿಕ, ಸಾಮಾಜಿಕ ಅಥವಾ ಪರಿಸರದ ಹಿತಕ್ಕಾಗಿಯಾದರೆ ಬೆಲೆಯಲ್ಲಿ 20 ಲಕ್ಷ ಪೌಂಡ್‌ವರೆಗೆ ಬಿಟ್ಟುಕೊಡಲು ಇಂಗ್ಲೆಂಡಿನ ಕೌನ್ಸಿಲ್‌ಗಳಿಗೆ ಅವಕಾಶವಿದೆ. ಜೊತೆಗೆ ಆಟದ ಮೈದಾನದಂಥ ಸಾರ್ವಜನಿಕ ಬಯಲೂ ಲೀಸ್‌ನಲ್ಲಿ ಸೇರಿದ್ದರೆ ಸ್ಥಳೀಯ ಪತ್ರಿಕೆಯಲ್ಲಿ ಸತತ ಎರಡು ವಾರ ಪ್ರಕಟಣೆ ಹಾಕಿ ಆಕ್ಷೇಪಣೆ ಕೇಳಬೇಕು. ಮಕ್ಕಳ ಮೈದಾನದ ಬಗ್ಗೆ ಕಾಳಜಿ ಇರುವವರು ಆ ಪ್ರಕಟಣೆಯನ್ನು ತಪ್ಪಿಸಿಕೊಳ್ಳಬಾರದು. ದನಿ ಎತ್ತಲು ಕಾನೂನು ಕೊಟ್ಟಿರುವ ಸಮಯ ಅದೇ.

ಟೆಂಡರ್ ಇಲ್ಲದೆ ತಮ್ಮದೇ ಕಂಪನಿಗೆ ಕೆಲಸ ಕೊಡುವುದು ಸರಿಯೇ ಎಂದು ಬಹಳ ಜನ ಕೇಳುತ್ತಾರೆ. ಇಟಲಿಯ ಸಣ್ಣ ಊರೊಂದರ ಮೊಕದ್ದಮೆಯಲ್ಲಿ 1999ರಲ್ಲಿ ಯುರೋಪಿನ ನ್ಯಾಯಾಲಯ ಕೊಟ್ಟ ಟೆಕಲ್ ತೀರ್ಪಿನಿಂದ ಈ ದಾರಿ ತೆರೆಯಿತು. ಈಗಿನ ಷರತ್ತು ಮೂರು: ಕೌನ್ಸಿಲ್‌ಗೆ ತನ್ನದೇ ಇಲಾಖೆಯ ಮೇಲಿರುವಂಥ ಹಿಡಿತ ಕಂಪನಿಯ ಮೇಲಿರಬೇಕು, ಖಾಸಗಿ ಬಂಡವಾಳ ಇರಕೂಡದು, ಶೇ. 80ಕ್ಕಿಂತ ಹೆಚ್ಚು ಕೆಲಸ ಕೌನ್ಸಿಲ್ ಒಪ್ಪಿಸಿದ್ದೇ ಆಗಿರಬೇಕು. 2025ರ ಫೆಬ್ರವರಿ 24ರಂದು ಜಾರಿಗೆ ಬಂದ ಬ್ರಿಟನ್‌ನ ಹೊಸ ಸರ್ಕಾರಿ ಖರೀದಿ ಕಾಯ್ದೆಯೂ ಇದೇ ವಿನಾಯಿತಿಯನ್ನು ಉಳಿಸಿಕೊಂಡಿದೆ.

ದರದ ವಿಷಯಕ್ಕೆ ಬಂದರೆ, ಈ ಮಾದರಿಗೆ ಎರಡು ತೆರಿಗೆಗಳ ಕಾಟವಿದೆ. ಚಾರಿಟಿಯಾಗಿ ನೋಂದಾಯಿಸಿದ ಟ್ರಸ್ಟ್ ನಡೆಸಿದರೆ ಕಟ್ಟಡದ ಬಿಸಿನೆಸ್ ರೇಟ್ಸ್‌ನಲ್ಲಿ (ವಾಸದ ಮನೆಯಲ್ಲದ ಕಟ್ಟಡಗಳ ಮೇಲಿನ ತೆರಿಗೆ) ಶೇ. 80 ಕಡ್ಡಾಯ ರಿಯಾಯಿತಿ ಸಿಗುತ್ತದೆ. ಚಾರಿಟಿಯಲ್ಲದ ಕೌನ್ಸಿಲ್ ಕಂಪನಿಗೆ ಅದು ಹಕ್ಕಿನಿಂದ ಸಿಗುವುದಿಲ್ಲ. ಎರಡನೆಯದು ವ್ಯಾಟ್. ಕೌನ್ಸಿಲ್ ತಾನೇ ನೇರವಾಗಿ ನಡೆಸುವ ಲೆಷರ್ ಸೇವೆ ವ್ಯಾಪಾರವಲ್ಲ ಎಂದು ತೆರಿಗೆ ಇಲಾಖೆ 2023ರ ಮಾರ್ಚ್‌ನಲ್ಲಿ ಒಪ್ಪಿಕೊಂಡಿತು. ಅಂದರೆ ಟಿಕೆಟ್ಟಿನ ಮೇಲೆ ವ್ಯಾಟ್ ಇಲ್ಲ, ಖರ್ಚಿನ ಮೇಲೆ ಕಟ್ಟಿದ ವ್ಯಾಟ್ ವಾಪಸ್. ಕಾನೂನಿನ ಕಣ್ಣಿಗೆ ಕಂಪನಿ ಬೇರೆ ವ್ಯಕ್ತಿಯಾದ್ದರಿಂದ ಈ ಲಾಭ ಅದಕ್ಕಿಲ್ಲ. ಆ ಕಾರಣಕ್ಕೇ ಕೆಲವು ಕಡೆ ಕಂಪನಿಯನ್ನು ಕೌನ್ಸಿಲ್‌ನ ಏಜೆಂಟ್ ಎಂದು ಮಾಡಿ, ಹಣವನ್ನು ಕೌನ್ಸಿಲ್ ಪರವಾಗಿ ವಸೂಲಿ ಮಾಡಿಸುತ್ತಾರೆ. ನಿಮ್ಮ ಸೆಂಟರ್ ಯಾವ ಪದ್ಧತಿಯದು ಎಂದು ತಿಳಿಯಲು ರಸೀದಿಯ ಕೆಳಭಾಗ ನೋಡಿ: ಸೇವೆ ಕೊಟ್ಟವರು ಯಾರು, ವ್ಯಾಟ್ ಸಂಖ್ಯೆ ಯಾರದು ಎಂದು ಅಲ್ಲಿರುತ್ತದೆ.

ಬ್ಯಾಡ್ಮಿಂಟನ್ ಗುಂಪುಗಳು ಇದನ್ನು ಖಂಡಿತ ಗಮನಿಸಬೇಕು. ಕೋರ್ಟ್ ಬಾಡಿಗೆಗೆ ಶೇ. 20 ವ್ಯಾಟ್ ಹಾಕುತ್ತಿದ್ದರೆ ಸರಣಿ ಬುಕಿಂಗ್ ನಿಯಮದಿಂದ ಅದನ್ನು ಕಾನೂನುಬದ್ಧವಾಗಿ ತಪ್ಪಿಸಬಹುದು. ಬುಕ್ ಮಾಡುವವರು ಕ್ಲಬ್, ಸಂಘ ಅಥವಾ ಶಾಲೆ ಆಗಿರಬೇಕು. ಕನಿಷ್ಠ 10 ಅವಧಿ, ಒಂದೇ ಆಟ, ಒಂದೇ ಜಾಗ. ಎರಡು ಅವಧಿಗಳ ನಡುವೆ ಕನಿಷ್ಠ ಒಂದು ದಿನ, ಹೆಚ್ಚೆಂದರೆ 14 ದಿನ ಅಂತರ. ಇಡೀ ಸರಣಿಗೆ ಹಣ ಕೊಡುತ್ತೇವೆ ಎಂದು ಬರಹದಲ್ಲಿರಬೇಕು, ಬುಕ್ ಮಾಡಿದ ಹೊತ್ತಿನಲ್ಲಿ ಆ ಕೋರ್ಟ್ ಗುಂಪಿನ ಸ್ವಂತ ಬಳಕೆಗೇ ಇರಬೇಕು. ಗುಂಪುಗಳು ಎಡವುವುದು ಎರಡು ಕಡೆ: ಯಾರೋ ಒಬ್ಬ ಸದಸ್ಯರ ಸ್ವಂತ ಹೆಸರಿನಲ್ಲಿ ಬುಕ್ ಮಾಡುವುದು, ಕ್ರಿಸ್‌ಮಸ್ ರಜೆಯಲ್ಲಿ ಮೂರು ವಾರ ಬಿಟ್ಟು ಸರಣಿ ಮುರಿದುಕೊಳ್ಳುವುದು. ಹೆಸರು, ಪುಟ್ಟ ನಿಯಮಾವಳಿ, ಬ್ಯಾಂಕ್ ಖಾತೆ ಇಟ್ಟುಕೊಂಡು ಸಂಘವಾಗಿಯೇ ಅರ್ಜಿ ಹಾಕಿ. ರಜೆಗೆ ಮುಂಚೆ ಒಂದು ಸರಣಿ, ಆಮೇಲೆ ಇನ್ನೊಂದು ಮಾಡಿ.

ಕಾರ್ಯಕ್ರಮಗಳಿಗೆ ಹಾಲ್ ಕೂಡ ಒಳ್ಳೆಯ ಆಯ್ಕೆ. ನಾಲ್ಕು ಕೋರ್ಟಿನ ಹಾಲ್ ಈಗಿನ ಮಾದರಿಯಲ್ಲಿ 34.5 ಮೀಟರ್ ಉದ್ದ, 20 ಮೀಟರ್ ಅಗಲ. ವೇದಿಕೆ ಹಾಕಿ ಕುರ್ಚಿ ಜೋಡಿಸಿದರೂ ಊಟದ ಸಾಲಿಗೆ ಜಾಗ ಮಿಗುತ್ತದೆ. ಆದರೆ ಅದು ಆಟದ ನೆಲ. ಕುರ್ಚಿ ಕಾಲು ಗೀರದಂತೆ ಹಾಸುವ ಮ್ಯಾಟ್ ಬಾಡಿಗೆಯಲ್ಲಿ ಸೇರಿದೆಯೇ ಎಂದು ಮೊದಲೇ ಕೇಳಿ. ರಂಗೋಲಿ ಪುಡಿಯನ್ನು ನೆಲದ ಮೇಲೆ ನೇರವಾಗಿ ಬಿಡಬೇಡಿ, ಮರುದಿನ ಆಡುವವರು ಜಾರಿ ಬೀಳುತ್ತಾರೆ. ಹಲಗೆಯ ಮೇಲೆ ಬಿಡಿಸಿ ತಂದಿಡಿ. ದೀಪ ಬೆಳಗಿಸಲು, ಊದುಬತ್ತಿ ಹಚ್ಚಲು ಲಿಖಿತ ಅನುಮತಿ ಪಡೆಯಿರಿ, ಹೊಗೆಗೆ ಅಲಾರಂ ಹೊಡೆದರೆ ಇಡೀ ಕಟ್ಟಡ ಖಾಲಿ ಮಾಡಿಸುತ್ತಾರೆ. ಸೆಂಟರ್‌ನ ಕೆಫೆಯನ್ನು ಬೇರೆಯವರಿಗೆ ಕೊಟ್ಟಿದ್ದರೆ ಹೊರಗಿನ ಊಟಕ್ಕೆ ಅಡ್ಡಿ ಇರಬಹುದು. ಕೇಟರಿಂಗ್‌ನವರಿಗೆ ಮುಂಗಡ ಕೊಡುವ ಮುಂಚೆ ಇದನ್ನು ಕೇಳಿ. ಜೋಡಿಸುವ, ಗುಡಿಸುವ ಹೊತ್ತೂ ಬಾಡಿಗೆಯ ಲೆಕ್ಕಕ್ಕೇ ಬರುತ್ತದೆ.

ಒಂದೇ ಕೌನ್ಸಿಲ್ ಇಲ್ಲಿ ಮಾಲೀಕ, ಷೇರುದಾರ, ಗಿರಾಕಿ, ಎಷ್ಟೋ ಸಲ ಸಾಲ ಕೊಟ್ಟವನೂ ಆಗಿರುತ್ತದೆ. ನಾಲ್ಕು ಪಾತ್ರವನ್ನೂ ಅದೇ ನಾಲ್ಕು ಜನ ಮಾಡಿದರೆ ಯಾರೂ ಕಠಿಣ ಪ್ರಶ್ನೆ ಕೇಳುವುದಿಲ್ಲ. ನಾಟಿಂಗ್‌ಹ್ಯಾಮ್ ಕೌನ್ಸಿಲ್‌ನ ಸ್ವಂತ ಇಂಧನ ಕಂಪನಿ ರಾಬಿನ್ ಹುಡ್ ಎನರ್ಜಿ 2020ರಲ್ಲಿ ಮುಳುಗಿದಾಗ ಲೆಕ್ಕಪರಿಶೋಧಕರು ಎತ್ತಿ ತೋರಿಸಿದ್ದೂ ಉಸ್ತುವಾರಿಯ ವೈಫಲ್ಯವನ್ನೇ. ಕಂಪನಿಯ ನಿರ್ದೇಶಕರು ಯಾರೆಂದು ಕಂಪನೀಸ್ ಹೌಸ್ (ಕಂಪನಿಗಳ ಸರ್ಕಾರಿ ನೋಂದಣಿ ಕಚೇರಿ) ಜಾಲತಾಣದಲ್ಲಿ ಉಚಿತವಾಗಿ ನೋಡಬಹುದು. ಲೆಷರ್ ಖಾತೆ ಹೊತ್ತ ಕೌನ್ಸಿಲರ್ರೇ ನಿರ್ದೇಶಕರೂ ಆಗಿದ್ದರೆ ಅದು ಒಳ್ಳೆಯ ಲಕ್ಷಣವಲ್ಲ. ಹೊರಗಿನ ಅನುಭವಿಗಳು ಒಬ್ಬಿಬ್ಬರಾದರೂ ಇರಬೇಕು.

ಈ ಮಾದರಿಯಲ್ಲಿ ನಮಗೆ ತುಂಬ ಮೆಚ್ಚುಗೆಯಾದದ್ದು ಮಾಹಿತಿ ಹಕ್ಕು. ಪೂರ್ತಿ ಸರ್ಕಾರಿ ಒಡೆತನದ ಕಂಪನಿಯೂ ಬ್ರಿಟನ್‌ನ ಮಾಹಿತಿ ಸ್ವಾತಂತ್ರ್ಯ ಕಾಯ್ದೆಯೊಳಗೆ ನೇರವಾಗಿ ಬರುತ್ತದೆ; ಖಾಸಗಿ ಕಂಪನಿಯಾಗಲಿ ಸ್ವತಂತ್ರ ಟ್ರಸ್ಟ್ ಆಗಲಿ ಸಾಮಾನ್ಯವಾಗಿ ಹಾಗೆ ಬರುವುದಿಲ್ಲ. ಒಂದು ಇಮೇಲ್ ಸಾಕು, 20 ಕೆಲಸದ ದಿನಗಳಲ್ಲಿ ಉತ್ತರ ಕೊಡಬೇಕು. ‘ದುರಸ್ತಿ ಬಗ್ಗೆ ಎಲ್ಲ ಮಾಹಿತಿ ಕೊಡಿ’ ಎಂದು ಕೇಳಿದರೆ ಖರ್ಚು ಹೆಚ್ಚಾಗುತ್ತದೆಂದು ತಳ್ಳಿಹಾಕುತ್ತಾರೆ. ಬೇಕಾದ್ದನ್ನೇ ಹೆಸರಿಸಿ: ಲೀಸ್‌ನ ದುರಸ್ತಿ ಕೋಷ್ಟಕ, ಇತ್ತೀಚಿನ ಕಟ್ಟಡ ಸಮೀಕ್ಷೆ, ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ಕೊಳದ ನೀರಿನ ಪರೀಕ್ಷಾ ದಾಖಲೆ. ಕ್ಲೋರಿನ್, ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಎರಡನ್ನೂ ಬಾಗಿಲು ತೆರೆಯುವ ಮುಂಚೆ ಮತ್ತು ಆಮೇಲೆ ಎರಡೆರಡು ಗಂಟೆಗೊಮ್ಮೆ ಪರೀಕ್ಷಿಸಿ ಬರೆದಿಡುವುದು ರೂಢಿಯಾದ್ದರಿಂದ ಆ ಪುಸ್ತಕ ಇದ್ದೇ ಇರುತ್ತದೆ. ಪಿಎಚ್ 7.2ರಿಂದ 7.4ರ ಸುತ್ತ ಇದ್ದು, ಸಂಯೋಜಿತ ಕ್ಲೋರಿನ್ (ಕೊಳೆಯ ಜೊತೆ ಸೇರಿ ಕ್ಲೋರಮೀನ್ ಆದದ್ದು) ಪ್ರಮಾಣ ಮುಕ್ತ ಕ್ಲೋರಿನ್‌ನ (ಇನ್ನೂ ಸೇರದೆ ಉಳಿದದ್ದು) ಅರ್ಧಕ್ಕಿಂತ ಕೆಳಗಿದ್ದರೆ ನೀರು ಚೆನ್ನಾಗಿದೆ. ವಾರಾಂತ್ಯಗಳಲ್ಲಿ ಮಾತ್ರ ಸಂಯೋಜಿತ ಕ್ಲೋರಿನ್‌ನ ಅಂಕಿ ಏರುತ್ತಿದ್ದರೆ, ಬರುವ ಜನಕ್ಕೆ ತಕ್ಕಷ್ಟು ಹೊಸ ನೀರು ಬಿಡುತ್ತಿಲ್ಲವೇನೋ ಎಂದು ಅನುಮಾನಿಸಬಹುದು. ಒಬ್ಬ ಈಜುಗಾರನಿಗೆ ದಿನಕ್ಕೆ 30 ಲೀಟರ್ ಹೊಸ ನೀರು ಸೇರಿಸಬೇಕೆಂಬುದು ಇಲ್ಲಿನ ಈಜುಕೊಳ ತಜ್ಞರ ಮಾರ್ಗಸೂಚಿ. ನೀರು ಕಾಯಿಸುವ ಖರ್ಚು ಉಳಿಸಲು ಮೊದಲು ಕತ್ತರಿ ಬೀಳುವುದು ಅದಕ್ಕೇ.

ಕೊನೆಗೆ, ಸದಸ್ಯತ್ವ ಎಷ್ಟು ಕಾಲಕ್ಕೆ ತೆಗೆದುಕೊಳ್ಳಬೇಕು? ಲೀಸ್‌ನಲ್ಲಿ ಎಷ್ಟು ವರ್ಷ ಉಳಿದಿದೆ, ನಡುವೆ ಮುರಿಯುವ ಷರತ್ತು ಯಾವ ತಾರೀಖಿಗೆ ಬರುತ್ತದೆ ಎಂದು ನೋಡಿಕೊಳ್ಳಿ. ಆ ತಾರೀಖಿಗೆ ಎರಡು ವರ್ಷಕ್ಕಿಂತ ಕಡಿಮೆ ಇದ್ದರೆ ದೊಡ್ಡ ದುರಸ್ತಿಗೆ ಎರಡೂ ಕಡೆಯವರು ಕೈ ಹಾಕಲು ಹಿಂಜರಿಯುತ್ತಾರೆ. ಅಂಥಲ್ಲಿ ತಿಂಗಳ ಸದಸ್ಯತ್ವ ಸಾಕು. ಹೊಸ ಲೀಸ್‌ಗೆ ಸಹಿ ಬಿದ್ದು ಸಮೀಕ್ಷಾ ವರದಿ ಅದಕ್ಕೆ ಲಗತ್ತಾಗಿದೆ ಎಂದು ಖಚಿತವಾದ ಮೇಲೆ ವರ್ಷದ ಸದಸ್ಯತ್ವಕ್ಕೆ ಬದಲಾಯಿಸಿಕೊಳ್ಳಿ.