ಮೀನು ಊಟ ಕೇಳ್ತಿಲ್ಲ, ಉಸಿರಿಗೆ ಒದ್ದಾಡ್ತಿದೆ

ಮಗಳ ಹುಟ್ಟುಹಬ್ಬಕ್ಕೆ ಒಂದು ಗಾಜಿನ ಬೌಲ್, ಎರಡು ಗೋಲ್ಡ್‌ಫಿಶ್ ತಂದೆ. ಅಂಗಡಿಯವರು ಹೇಳಿಕೊಟ್ಟಿದ್ದು ಇಷ್ಟೇ: "ದಿನಾ ಎರಡು ಸಲ ಫುಡ್ ಹಾಕಿ, ವಾರಕ್ಕೊಮ್ಮೆ ಪೂರ್ತಿ ನೀರು ಚೇಂಜ್ ಮಾಡಿ ಸಾರ್."

ನಾಲ್ಕನೇ ದಿನ ಎರಡೂ ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. "ಅಪ್ಪಾ, ಮಾತಾಡ್ತಿದಾವೆ ನೋಡು" ಅಂದಳು ಮಗಳು. ಹಸಿವಿರಬೇಕು ಅಂತ ಇನ್ನೊಂದು ಚಿಟಿಕೆ ಹಾಕಿದೆ. ಸಂಜೆಯೂ ಅದೇ ಕಥೆ, ಮತ್ತೆ ಹಾಕಿದೆ. ತಿನ್ನದೆ ಬಿಟ್ಟ ಕಾಳು ಕಲ್ಲಿನ ಸಂದಿಯಲ್ಲಿ ಊದಿಕೊಂಡು ಕೂತಿತ್ತು. ಏಳನೇ ದಿನ ಬೆಳಿಗ್ಗೆ ಒಂದು ಮೀನು ಮಗುಚಿ ತೇಲುತ್ತಿತ್ತು, ಕಿವಿರೆಲ್ಲ ಕೆಂಪು. ನೀರು ಮಾತ್ರ ಕನ್ನಡಿಯಷ್ಟು ತಿಳಿ.

ಗಾಬರಿಯಲ್ಲಿ ಬೌಲ್, ಕಲ್ಲು ಎಲ್ಲ ತಿಕ್ಕಿ ತೊಳೆದು, ನಲ್ಲಿಯಿಂದ ನೇರ ಕಾವೇರಿ ನೀರು ತುಂಬಿ ಇನ್ನೊಂದನ್ನು ಬಿಟ್ಟೆ. ಅದು ಮಧ್ಯಾಹ್ನದ ತನಕವೂ ಬದುಕಲಿಲ್ಲ. ನಲ್ಲಿ ನೀರಿನ ಕ್ಲೋರಿನ್ ಕಿವಿರನ್ನು ಸುಡುತ್ತದೆ. ಆಂಟಿಕ್ಲೋರಿನ್ ಬಾಟಲಿ ಅದೇ ಅಂಗಡಿಯ ಶೆಲ್ಫಿನಲ್ಲಿತ್ತು, ಯಾರೂ ತೆಗೆದು ತೋರಿಸಲಿಲ್ಲ. ನಾನೂ ಕೇಳಲಿಲ್ಲ ಅನ್ನಿ.

ಮೊದಲನೆಯದನ್ನು ಕೊಂದಿದ್ದು ಅಮೋನಿಯಾ. ಮೀನು ಕಿವಿರಿನಿಂದಲೇ ಅದನ್ನು ಹೊರಹಾಕುತ್ತದೆ, ಕೊಳೆತ ಫುಡ್ಡಿನಿಂದಲೂ ಹುಟ್ಟುತ್ತದೆ. ಕಣ್ಣಿಗೆ ಕಾಣುವುದಿಲ್ಲ. ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ), ಬಿಸಿ ಏರಿದಷ್ಟೂ ಅದರ ವಿಷ ಜಾಸ್ತಿ, ಪಿಎಚ್ ಹೆಚ್ಚಿರಬಹುದಾದ ಬೋರ್‌ವೆಲ್ ನೀರಿನವರು ಗಮನಿಸಿ. ಈ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರ್ ಸ್ಪಾಂಜಿನಲ್ಲಿ, ಕಲ್ಲಿನ ಮೇಲೆ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಬೌಲಿಗೆ ಫಿಲ್ಟರೇ ಇಲ್ಲ. ಇದ್ದವರು ಸ್ಪಾಂಜನ್ನು ನಲ್ಲಿ ಕೆಳಗೆ ಹಿಂಡಿದರೆ ಆ ಬೆಳೆಯೂ ಹೋಯಿತು. ಟ್ಯಾಂಕಿನಿಂದ ತೆಗೆದ ನೀರಲ್ಲೇ ಅದ್ದಿ ಹಿಂಡಬೇಕು. ವಾರಕ್ಕೆ ಕಾಲುಭಾಗ ನೀರು ಬದಲಿಸಿದರೆ ಸಾಕು, ಅದೂ ಆಂಟಿಕ್ಲೋರಿನ್ ಹಾಕಿದ್ದು.

ಫೈಟರ್ ಮೀನು ಮೇಲೆ ಬಂದು ಗಾಳಿ ನುಂಗುವುದು ಸಹಜ. ಗೋಲ್ಡ್‌ಫಿಶ್ ಹಾಗೆ ಮಾಡುತ್ತಲೇ ಇದ್ದರೆ ಫುಡ್ ನಿಲ್ಲಿಸಿ, ಮೊದಲು ನೀರು ಟೆಸ್ಟ್ ಮಾಡಿ. ಸರಿಯಾಗಿ ಸಾಕಿದರೆ ಅದು ಗೇಣುದ್ದ ಬೆಳೆದು ಹತ್ತು ವರ್ಷ ಬಾಳುವ ಪ್ರಾಣಿ. ಅಂಗಡಿಯವರು ಅದಕ್ಕೆ ಬೌಲ್ ಕೊಡಲು ಬಂದರೆ ದಯವಿಟ್ಟು ಎದ್ದು ಬನ್ನಿ.

ಈಗ ಮನೆಯಲ್ಲಿ ಮೂರಡಿ ಟ್ಯಾಂಕ್ ಇದೆ. ಫಿಲ್ಟರ್ ಓಡುತ್ತಿದೆ, ಮೀನಿಲ್ಲ. ಬ್ಯಾಕ್ಟೀರಿಯಾಗೆ ಅಂತ ದಿನಾ ಒಂದು ಚಿಟಿಕೆ ಫುಡ್ ಹಾಕುತ್ತೇನೆ. ಇದು ಐದನೇ ವಾರ. ನಿನ್ನೆ ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ ಹಳದಿಗೆ ಬಂದಿದೆ, ಅಂದರೆ ಸೊನ್ನೆ. ನೈಟ್ರೈಟ್ ಇನ್ನೂ ನೇರಳೆ, ಅಂದರೆ ಅದಿನ್ನೂ ನೀರಲ್ಲಿದೆ. ಮಗಳು ಕ್ಯಾಲೆಂಡರಿನಲ್ಲಿ ದಿನ ಹೊಡೆದುಹಾಕುತ್ತಿದ್ದಾಳೆ.