ಆರು ವರ್ಷ, 640 ಗಂಟೆ: ನನ್ನ ಪೆಟ್ರೋಲ್ ಜನರೇಟರ್ ಬಗ್ಗೆ

ನನ್ನ ಹತ್ತಿರ ಇರುವುದು 2.5 ಕೆವಿಎ ಪೆಟ್ರೋಲ್ ಜನರೇಟರ್. ಸಿಂಗಲ್ ಫೇಸ್, 230 ವೋಲ್ಟ್, ಎವಿಆರ್ (ವೋಲ್ಟೇಜನ್ನು ತಾನಾಗಿ ಒಂದೇ ಮಟ್ಟದಲ್ಲಿ ಹಿಡಿದಿಡುವ ಸಾಧನ) ಇರುವ ಮಾಡೆಲ್. ತಂದು ಆರು ವರ್ಷವಾಯಿತು. ಅವರ್ ಮೀಟರ್ 640 ಗಂಟೆ ತೋರಿಸುತ್ತಿದೆ. ಇಷ್ಟು ಬಳಸಿದ ಮೇಲೆ ಒಂದು ಮಾತು ಧೈರ್ಯವಾಗಿ ಹೇಳಬಲ್ಲೆ. ಇದು ದುಡಿದು ಕೆಟ್ಟಿದ್ದೇ ಇಲ್ಲ. ಕೆಟ್ಟಿದ್ದೆಲ್ಲ ಸುಮ್ನೆ ಮೂಲೆಯಲ್ಲಿ ಕೂತಿದ್ದಾಗಲೇ.

ಮೊದಲು ಲೋಡ್ ವಿಷಯ. 2.5 ಕೆವಿಎ ಅಂದರೆ 2,500 ವಾಟ್ ಅಲ್ಲ. ಪವರ್ ಫ್ಯಾಕ್ಟರ್, ಅಂದರೆ ಅದರಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು, 0.8 ಹಿಡಿದರೆ ಸಿಗುವುದು 2,000 ವಾಟ್. ಲೈಟು, ಫ್ಯಾನು, ಫ್ರಿಜ್ಜು ಆರಾಮಾಗಿ ನಡೆಯುತ್ತವೆ. ಕಷ್ಟ ಕೊಡುವುದು ಮೋಟಾರ್. ನನ್ನ ಅರ್ಧ ಎಚ್‌ಪಿ ಪಂಪ್ ಓಡುವಾಗ ಎಳೆಯುವುದು ಕಮ್ಮಿ ಕರೆಂಟೇ. ಆದರೆ ಸ್ಟಾರ್ಟ್ ಆಗುವ ಆ ಒಂದು ಕ್ಷಣ ಅದರ ಐದಾರು ಪಟ್ಟು ಕೇಳುತ್ತದೆ. ಇಂಜಿನ್ ಒಮ್ಮೆ ಗುರ್ ಎಂದು ಮುಗ್ಗರಿಸಿ, ಲೈಟು ಮಂಕಾಗಿ, ಮತ್ತೆ ಸರಿಹೋಗುತ್ತದೆ. ಅದಕ್ಕೇ ನಾನು ಮೊದಲು ಪಂಪ್ ಹಾಕಿ, ಆಮೇಲೆ ಉಳಿದದ್ದನ್ನು ಒಂದೊಂದಾಗಿ ಹಾಕುತ್ತೇನೆ.

ಇದರ ಆಲ್ಟರ್ನೇಟರ್ (ಕರೆಂಟ್ ಹುಟ್ಟಿಸುವ ಭಾಗ) ಎರಡು ಪೋಲ್‌ನದು, ಅಂದರೆ ಅದರ ಕಾಂತಕ್ಕೆ ಎರಡು ಧ್ರುವ. 50 ಹರ್ಟ್ಸ್, ಅಂದರೆ ಕರೆಂಟಿಗೆ ಸೆಕೆಂಡಿಗೆ 50 ಆವರ್ತನ, ಬರಬೇಕಾದರೆ ನಿಮಿಷಕ್ಕೆ 3,000 ಸುತ್ತು ತಿರುಗಲೇಬೇಕು. ಲೋಡ್ ಇಲ್ಲದಾಗ ನನ್ನ ಮಲ್ಟಿಮೀಟರ್ 52 ಹರ್ಟ್ಸ್ ತೋರಿಸುತ್ತದೆ, ಪೂರ್ತಿ ಲೋಡ್‌ಗೆ 49. ಇದು ಸರಿಯಾದ ನಡತೆಯೇ, ಗಾಬರಿ ಬೇಡ. ನಾಲ್ಕನೇ ವರ್ಷ ಮಾತ್ರ 47ಕ್ಕೆ ಇಳಿದಿತ್ತು. ವೋಲ್ಟೇಜ್ ಸರಿಯಾಗೇ ಇತ್ತು, ಏಕೆಂದರೆ ಎವಿಆರ್ ಅದನ್ನು ಹಿಡಿದಿಟ್ಟಿತ್ತು. ಫ್ಯಾನ್ ನಿಧಾನವಾದದ್ದು ಕಣ್ಣಿಗೆ ಬಿದ್ದ ಮೇಲೇ ಅಳೆದು ನೋಡಿದೆ. ಇಂಜಿನ್ ವೇಗ ಕಾಯುವ ಗವರ್ನರ್‌ನ ಸ್ಕ್ರೂ ಅರ್ಧ ಸುತ್ತು ತಿರುಗಿಸಿದ ಮೇಲೆ ಸರಿಹೋಯಿತು. ಪ್ಯಾನಲ್ ಮೇಲೆ ವೋಲ್ಟ್ ಮೀಟರ್ ಕೊಟ್ಟು ಹರ್ಟ್ಸ್ ಮೀಟರ್ ಕೊಡದಿರುವುದು ನನ್ನ ದೊಡ್ಡ ದೂರು.

ಇನ್ನೊಂದು ಸಲ ಐದು ತಿಂಗಳು ಮುಟ್ಟಿರಲಿಲ್ಲ. ಹಗ್ಗ ಎಳೆದೆ, ಎರಡನೇ ಎಳೆತಕ್ಕೆ ಇಂಜಿನ್ ಚೆನ್ನಾಗಿ ಓಡಿತು. ಕರೆಂಟ್ ಮಾತ್ರ ಇಲ್ಲ. ರಿಪೇರಿಯವರು ರೀವೈಂಡಿಂಗ್ (ಒಳಗಿನ ತಂತಿ ಸುರುಳಿ ಹೊಸದಾಗಿ ಸುತ್ತುವುದು) ಮಾಡಿಸಬೇಕು ಅಂದರು. ನನಗೆ ಮನಸ್ಸು ಒಪ್ಪಲಿಲ್ಲ. ಸಾಕೆಟ್‌ನಲ್ಲಿ ಅಳೆದರೆ 2 ವೋಲ್ಟ್ ಇತ್ತು. ವೈಂಡಿಂಗ್ ಸುಟ್ಟ ವಾಸನೆ ಇರಲಿಲ್ಲ, ಒಳಗೆ ತಿರುಗುವ ರೋಟರ್‌ಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್‌ಗಳೂ ಸವೆದಿರಲಿಲ್ಲ. ರೋಟರ್ ಕಬ್ಬಿಣದಲ್ಲಿ ಉಳಿದಿರುವ ಚೂರು ಕಾಂತಶಕ್ತಿಯೇ ಇಂಥ ಜನರೇಟರ್‌ಗೆ ಮೊದಲ ಕಿಡಿ. ಅದು ಕುಂದಿದರೆ ಎಷ್ಟು ತಿರುಗಿದರೂ ವೋಲ್ಟೇಜ್ ಏಳುವುದಿಲ್ಲ. ಇಂಜಿನ್ ನಿಲ್ಲಿಸಿ, ಎವಿಆರ್‌ನಿಂದ ಬ್ರಷ್ ವೈರ್ ಬಿಡಿಸಿ, ಪ್ಲಸ್ ಮೈನಸ್ ನೋಡಿಕೊಂಡು 12 ವೋಲ್ಟ್ ಬ್ಯಾಟರಿಯನ್ನು ಎರಡು ಸೆಕೆಂಡ್ ತಾಗಿಸಿದೆ. ವೈರ್ ಮತ್ತೆ ಸೇರಿಸಿ ಸ್ಟಾರ್ಟ್ ಮಾಡಿದರೆ ಪರೀಕ್ಷೆಗೆ ಇಟ್ಟ ಬಲ್ಬ್ ಪಕ್ಕನೆ ಹೊತ್ತಿಕೊಂಡಿತು. ಆ ಬೆಳಕು ಕಂಡು ಆದ ಖುಷಿ ಇನ್ನೂ ನೆನಪಿದೆ. ಕೈ ಪಳಗಿಲ್ಲದವರು ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ.

ಕಾರ್ಬ್ಯುರೇಟರ್ ಕಥೆಯೂ ಅದೇ. ಹಳೇ ಪೆಟ್ರೋಲ್ ಒಳಗೇ ಅಂಟಾಗಿ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತು) ಕಟ್ಟಿಕೊಂಡಿತ್ತು. ಈಗ ಜಾಸ್ತಿ ದಿನ ನಿಲ್ಲಿಸುವುದಿದ್ದರೆ ಪೆಟ್ರೋಲ್ ಕಾಕ್ ಮುಚ್ಚಿ, ತಾನಾಗಿ ಆಫ್ ಆಗುವ ತನಕ ಓಡಿಸುತ್ತೇನೆ. ತಿಂಗಳಿಗೊಮ್ಮೆ ಕಾಲು ಗಂಟೆ, ಲೋಡ್ ಹಾಕಿಯೇ ಓಡಿಸುತ್ತೇನೆ. ನೂರು ಗಂಟೆಗೊಮ್ಮೆ ಆಯಿಲ್ ಬದಲಿಸುತ್ತೇನೆ, ಅಷ್ಟೇ.

ಒಂದು ವಿಷಯ ಕೈಮುಗಿದು ಕೇಳಿಕೊಳ್ಳುತ್ತೇನೆ. ಚೇಂಜ್‌ಓವರ್ ಸ್ವಿಚ್ (ಮನೆಗೆ ಲೈನ್ ಅಥವಾ ಜನರೇಟರ್, ಯಾವುದಾದರೂ ಒಂದನ್ನು ಮಾತ್ರ ಸೇರಿಸುವ ಸ್ವಿಚ್) ಇಲ್ಲದೆ ಮನೆಯ ವೈರಿಂಗ್‌ಗೆ ಜನರೇಟರ್ ಸೇರಿಸಬೇಡಿ. ನಿಮ್ಮ 230 ವೋಲ್ಟ್ ಹಿಂದಕ್ಕೆ ಹರಿದು ಟ್ರಾನ್ಸ್‌ಫಾರ್ಮರ್ ದಾಟಿದರೆ ಸಾವಿರಾರು ವೋಲ್ಟ್ ಆಗುತ್ತದೆ. ಲೈನ್ ಆಫ್ ಇದೆ ಅಂತ ನಂಬಿ ಕಂಬ ಹತ್ತಿದವರ ಪ್ರಾಣ ಹೋಗುತ್ತದೆ. ಹಾಗೇ, ಮನೆಯೊಳಗೆ ಓಡಿಸಲೇಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಕಿಟಕಿ ತೆರೆದಿಟ್ಟರೆ ಸಾಲದು.

ಸದ್ದು ಜಾಸ್ತಿ, ಅದು ನಿಜ. ಲೋಡ್ ಕಮ್ಮಿ ಇದ್ದರೂ ಅದೇ 3,000 ಸುತ್ತು, ಅದೇ ಗದ್ದಲ. ಬರೀ ಲ್ಯಾಪ್‌ಟಾಪ್, ಲೈಟ್ ಸಾಕು ಅನ್ನುವವರು ಇನ್ವರ್ಟರ್ ಜನರೇಟರ್ ನೋಡಿ. ಅದು ಲೋಡ್‌ಗೆ ತಕ್ಕಂತೆ ವೇಗ ಇಳಿಸಿಕೊಳ್ಳುತ್ತದೆ. ಪಂಪ್ ಇರುವವರಿಗೆ ನಾನು ಇದನ್ನೇ ಹೇಳುತ್ತೇನೆ, ಮತ್ತೆ ಕೊಳ್ಳುವುದಾದರೂ ಇದನ್ನೇ ಕೊಳ್ಳುತ್ತೇನೆ. ಹೊಸ ಕಾರ್ಬನ್ ಬ್ರಷ್ ಒಂದು ಜೊತೆ ತಂದಿಟ್ಟಿದ್ದೇನೆ. ಹಳೆಯದು ಇನ್ನೂ ಅರ್ಧ ಉಳಿದಿದೆ.