‘ಬೆಂಗಳೂರು’ ಅಡಗಿರುವ ಉದ್ದದ ಇಂಗ್ಲಿಷ್ ಪದ: ಹುಡುಕೋಕೆ ಯಾವುದು ವಾಸಿ?

ಕೆಲವು ಅಕ್ಷರ ಕೊಟ್ಟು, ಇವೆಲ್ಲ ಇರುವ ಉದ್ದದ ಇಂಗ್ಲಿಷ್ ಪದ ಹೇಳಿ ಅನ್ನುವ ಆಟ ನನಗೆ ತುಂಬಾ ಇಷ್ಟ. ಜಯನಗರದ ನಮ್ಮ ಮನೆಗೆ ಪಾಠಕ್ಕೆ ಬರುವ ಮಕ್ಕಳಿಗೂ ಈ ಹುಚ್ಚು ಹಿಡಿಸಿದ್ದೇನೆ. ಇಂಥ ಪದ ಹುಡುಕೋಕೆ ಈಗ ದಾರಿಗಳು ಬೇಕಾದಷ್ಟಿವೆ. ಯಾವುದು ವಾಸಿ ಅಂತ ನೋಡಲು ಎಲ್ಲದಕ್ಕೂ ಒಂದೇ ಪ್ರಶ್ನೆ ಹಾಕಿದೆ. ಪ್ರಶ್ನೆ ನಮ್ಮ ಊರಿನ ಹೆಸರೇ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಜಾರಿಗೆ ಬಂದ ಸ್ಪೆಲಿಂಗ್: ಬಿ, ಇ, ಎನ್, ಜಿ, ಎ, ಎಲ್, ಯು, ಆರ್, ಯು.

ಇಲ್ಲಿ ಒಂದು ವಿಷಯ ಮೊದಲೇ ತೀರ್ಮಾನ ಆಗಬೇಕು. ಪ್ರತಿ ಅಕ್ಷರ ಒಂದು ಸಲ ಇದ್ದರೆ ಸಾಕಾ, ಅಥವಾ ಯು ಎರಡು ಸಲ ಬರಲೇಬೇಕಾ? ಎರಡಕ್ಕೂ ಉತ್ತರ ಬೇರೆ ಬೇರೆ. ನಾನು ಎರಡನ್ನೂ ಕೇಳಿದೆ.

ಸ್ಕ್ರ್ಯಾಬಲ್ ಆಡುವವರು ಬಳಸುವ ಪದ ಹುಡುಕುವ ಆ್ಯಪ್ ಈ ಕೆಲಸಕ್ಕೆ ಬರುವುದಿಲ್ಲ. ಅದು ಉತ್ತರಿಸುವುದು ತಿರುಗುಮುರುಗು ಪ್ರಶ್ನೆಗೆ. ಕೊಟ್ಟ ಅಕ್ಷರಗಳಿಂದ ಏನು ಕಟ್ಟಬಹುದು ಅಂತ ಹೇಳುತ್ತದೆ, ಉದಾಹರಣೆಗೆ ಗ್ರಾನ್ಯೂಲ್. ನಮಗೆ ಬೇಕಿರುವುದು ಆ ಅಕ್ಷರಗಳನ್ನೆಲ್ಲ ಹೊಟ್ಟೆಯೊಳಗೆ ಇಟ್ಟುಕೊಂಡಿರುವ ದೊಡ್ಡ ಪದ. ಜೊತೆಗೆ ಸ್ಕ್ರ್ಯಾಬಲ್ ಮಣೆ ಇರುವುದೇ 15 ಮನೆ ಅಗಲ, ಹಾಗಾಗಿ ಆ ಪಟ್ಟಿಗಳಲ್ಲಿ 15 ಅಕ್ಷರಕ್ಕಿಂತ ಉದ್ದದ ಪದ ಸಿಗುವುದಿಲ್ಲ.

ಎಐ ಚಾಟ್ ತುಂಬಾ ಧೈರ್ಯವಾಗಿ ಅನ್‌ಬಿಲೀವಬಲ್ ಅಂತ ಹೇಳಿತು. ಅದರಲ್ಲಿ ಜಿ ಇಲ್ಲ, ಆರ್ ಇಲ್ಲ. ಅದು ಪದವನ್ನು ಅಕ್ಷರ ಅಕ್ಷರವಾಗಿ ಓದುವುದಿಲ್ಲ, ಟೋಕನ್ ಎಂಬ ತುಂಡುಗಳಾಗಿ ಓದುತ್ತದೆ. ಮಕ್ಕಳ ಕೈಗೆ ಇದಕ್ಕಾಗಿ ಇದನ್ನು ಕೊಡಬೇಡಿ ಅಂತಲೇ ಹೇಳುತ್ತೇನೆ.

ಇನ್ನು ಅವೆನ್ಯೂ ರೋಡ್‌ನಲ್ಲಿ ಹಳೇ ಪುಸ್ತಕದ ಅಂಗಡಿಯಿಂದ ತಂದ ದಪ್ಪ ಡಿಕ್ಷನರಿ. ಅಕಾರಾದಿಯಲ್ಲಿರುವ ಪುಸ್ತಕದಲ್ಲಿ ನಡುವಿನ ಅಕ್ಷರ ಹುಡುಕುವುದು ಕಷ್ಟ, ನಿಜ. ಆದರೆ ಸ್ವಲ್ಪ ತಲೆ ಓಡಿಸಿದರೆ ದಾರಿ ಕಾಣುತ್ತದೆ. ಪದದ ಶುರುವಿನಲ್ಲಿ ‘ಅನ್’ ಬಂದರೆ ಯು ಮತ್ತು ಎನ್ ಮುಗಿಯಿತು. ಕೊನೆಯಲ್ಲಿ ‘ಏಬಲ್’ ಬಂದರೆ ಎ, ಬಿ, ಎಲ್, ಇ ನಾಲ್ಕೂ ಮುಗಿಯಿತು. ಉಳಿದದ್ದು ಜಿ ಮತ್ತು ಆರ್ ಮಾತ್ರ! ‘ಅನ್’ ಪುಟಗಳನ್ನು ತೆಗೆದು, ನಡುವೆ ಜಿ, ಆರ್ ಇವೆಯಾ ಅಂತ ಬೆರಳಿಟ್ಟು ನೋಡುತ್ತಾ ಹೋದರೆ ಸಾಕು. ಅನ್‌ಫರ್ಗಿವಬಲ್, ಅನ್‌ಗವರ್ನಬಲ್, ಎರಡೂ 12 ಅಕ್ಷರ. ಅನ್‌ಫರ್ಗೆಟಬಲ್ 13. ಅನ್‌ರೆಕಗ್ನೈಸಬಲ್ 14, ಅದನ್ನು ಎಸ್ ಹಾಕಿ ಬರೆದರೂ ಝಡ್ ಹಾಕಿ ಬರೆದರೂ ಲೆಕ್ಕ ಅದೇ. ಇಷ್ಟು ಪದ ಒಂದೇ ಗುಂಪಿನಲ್ಲಿ ಸಾಲಾಗಿ ಸಿಕ್ಕಾಗ ಮಕ್ಕಳ ಮುಖ ನೋಡಬೇಕಿತ್ತು. ಅರ್ಥ ಪಕ್ಕದಲ್ಲೇ ಇರುವುದರಿಂದ ಪದ ತಲೆಯಲ್ಲಿ ಉಳಿಯುತ್ತದೆ ಕೂಡ.

ಎರಡು ಯು ಬೇಕು ಅಂದ ತಕ್ಷಣ ಈ ಪದಗಳೆಲ್ಲ ಬಿದ್ದುಹೋಗುತ್ತವೆ. ಇಲ್ಲಿ ಕೈ ಹಿಡಿದದ್ದು ವನ್‌ಲುಕ್ ವೆಬ್‌ಸೈಟ್. ಎರಡು ಓರೆಗೆರೆ ಹಾಕಿ, ಅಕ್ಷರಗಳನ್ನು ಹೇಗೆ ಬೇಕಾದರೂ ಟೈಪ್ ಮಾಡಿ, ಕೊನೆಗೆ ಗೊತ್ತಿಲ್ಲದ ಅಕ್ಷರಕ್ಕೆ ಒಂದು ಪ್ರಶ್ನೆ ಚಿಹ್ನೆ ಹಾಕಬೇಕು. ಒಂದೇ ಪ್ರಶ್ನೆ ಚಿಹ್ನೆಗೆ ಉತ್ತರ ಬಂತು: ಅನ್‌ಆರ್ಗ್ಯೂಯಬಲ್. ಯು-ಎನ್-ಎ-ಆರ್-ಜಿ-ಯು-ಎ-ಬಿ-ಎಲ್-ಇ. ಅಂದರೆ ಬೆಂಗಳೂರಿನ ಒಂಬತ್ತೂ ಅಕ್ಷರ, ಜಾಸ್ತಿ ಇರುವುದು ಒಂದೇ ಒಂದು ಎ. ಇಷ್ಟು ಹತ್ತಿರದ ಪದ ಇರಬಹುದು ಅಂತ ನಾನು ಅಂದುಕೊಂಡೇ ಇರಲಿಲ್ಲ. ವನ್‌ಲುಕ್‌ನ ಈ ಓರೆಗೆರೆ ವಿಧಾನದ ತೊಂದರೆ ಏನಂದರೆ, ಎಷ್ಟು ಉದ್ದದ ಪದ ಬೇಕು ಅಂತ ನಾವೇ ಹೇಳಬೇಕು. ಪ್ರಶ್ನೆ ಚಿಹ್ನೆ ಒಂದೊಂದೇ ಹೆಚ್ಚಿಸುತ್ತಾ ಮತ್ತೆ ಮತ್ತೆ ಹುಡುಕಬೇಕು. ನಡುನಡುವೆ ಊರ ಹೆಸರು, ಎರಡು ಪದದ ನುಡಿಗಟ್ಟು ಎಲ್ಲ ನುಗ್ಗುತ್ತವೆ.

ಆ ತಾಪತ್ರಯ ಇಲ್ಲದ್ದು ಲ್ಯಾಪ್‌ಟಾಪ್‌ನ ಪದಪಟ್ಟಿ. ಮ್ಯಾಕ್‌ನಲ್ಲಿ ಇದು ಮೊದಲೇ ಇರುತ್ತದೆ, 1934ರ ವೆಬ್‌ಸ್ಟರ್ ಡಿಕ್ಷನರಿಯಿಂದ ತೆಗೆದ ಸುಮಾರು 2.35 ಲಕ್ಷ ಪದ. ಕಮಾಂಡ್ ಟೈಪ್ ಮಾಡುವ ಕಿಟಕಿ, ಅಂದರೆ ಟರ್ಮಿನಲ್ ತೆರೆದು, ಕೊಟ್ಟ ಅಕ್ಷರ ಇರುವ ಸಾಲುಗಳನ್ನಷ್ಟೇ ಹೆಕ್ಕಿ ಕೊಡುವ ಗ್ರೆಪ್ ಕಮಾಂಡಿಗೆ ಮೊದಲು ಬಿ ಕೊಡಿ. ಬಂದದ್ದನ್ನು ಪೈಪ್ ಮಾಡಿ, ಅಂದರೆ ನೇರ ಇನ್ನೊಂದು ಗ್ರೆಪ್ ಕಮಾಂಡಿಗೆ ದಾಟಿಸಿ, ಇ ಕೊಡಿ, ಆಮೇಲೆ ಎನ್. ಜರಡಿಯ ಕೆಳಗೆ ಜರಡಿ ಇಟ್ಟ ಹಾಗೆ ಪಟ್ಟಿ ಸಣ್ಣದಾಗುತ್ತಾ ಬರುತ್ತದೆ. ಎರಡು ಯು ಬೇಕಾದರೆ ಯು, ಚುಕ್ಕಿ, ನಕ್ಷತ್ರ, ಮತ್ತೆ ಯು ಅಂತ ಬರೆದರಾಯಿತು. ಕೊನೆಗೆ ಉದ್ದದ ಪ್ರಕಾರ ಜೋಡಿಸಿ. ಒಂದು ಪದವೂ ತಪ್ಪಿಸಿಕೊಳ್ಳುವುದಿಲ್ಲ, ಉದ್ದಕ್ಕೆ ಮಿತಿಯೂ ಇಲ್ಲ. ಆದರೆ ಪಟ್ಟಿ ಹಳೆಯದು, ಅರ್ಥ ಕೊಡುವುದಿಲ್ಲ. ‘ಅನ್’ ಮತ್ತು ‘ನೆಸ್’ ಸುಮ್ನೆ ಅಂಟಿಸಿದ, ಯಾರೂ ಆಡದ ಪದಗಳು ಮೇಲೆ ಬಂದು ಕೂರುತ್ತವೆ. ಉದ್ದದಲ್ಲಿ ಅವೇ ಗೆಲ್ಲುತ್ತವೆ, ಆದರೆ ಅಂಥ ಗೆಲುವು ನನಗೆ ಹಿಡಿಸುವುದಿಲ್ಲ.

ಹಾಗಾಗಿ ನಾನೊಬ್ಬಳೇ ಆಡುವಾಗ ಗ್ರೆಪ್, ಅದು ಕೊಟ್ಟ ಪದ ನಿಜಕ್ಕೂ ಬಳಕೆಯಲ್ಲಿದೆಯಾ ಅಂತ ನೋಡಲು ವನ್‌ಲುಕ್. ಮಕ್ಕಳ ಜೊತೆ ಕೂತಾಗ ಮಾತ್ರ ದಪ್ಪ ಡಿಕ್ಷನರಿಯೇ. ಮೈಸೂರು ಕೊಟ್ಟಾಗ, ಅಂದರೆ ಎಮ್, ವೈ, ಎಸ್, ಯು, ಆರ್, ಯು, ಅವರು ಅದೇ ಉಪಾಯ ಹಿಡಿದರು. ಕೊನೆಯಲ್ಲಿ ‘ಅಸ್ಲಿ’ ಇಟ್ಟುಕೊಂಡರೆ ಯು, ಎಸ್, ವೈ ಬಂತು, ಇನ್ನು ಬೇಕಿರುವುದು ಎಮ್, ಆರ್, ಇನ್ನೊಂದು ಯು. ಹ್ಯೂಮರಸ್ಲಿ ಬೇಗ ಸಿಕ್ಕಿತು, 10 ಅಕ್ಷರ. ಆಮೇಲೆ ಒಬ್ಬಳು ‘ಪಿ’ ಪುಟಗಳಲ್ಲಿ ಪ್ರಿಸಂಪ್ಚುಅಸ್ಲಿ ಹಿಡಿದಳು. 14 ಅಕ್ಷರ, ಅದರಲ್ಲಿ ಯು ಮೂರು.